ಮುಟ್ಟೀನಿ ಅನ್ನುವ ತನಕ

ನಮ್ಮ ಮನೆಯಿಂದ ಯಾರೇ ಊರಿಗೆ ಹೊರಟರೂ ಅವರು ಅಲ್ಲಿ ಮುಟ್ಟುವ ತನಕ ಅವ್ವ ಕಸ ಹೊಡೆಯಲು ಬಿಡುತ್ತಿರಲಿಲ್ಲ. ಧಾರವಾಡದ ಕಡೆ ಇದು ಹೊಸದೇನಲ್ಲ, ಬಹಳ ಮನೆಗಳಲ್ಲಿ ಉಂಟು. ಹೆಣ ಎತ್ತಿದ ಮೇಲೆ ಕೂಡಲೇ ಕಸ ಹೊಡೆದು ನೆಲ ತೊಳೆಯುತ್ತಾರೆ. ಅದಕ್ಕೇ ಜೀವಂತ ಹೋದವರ ಬೆನ್ನ ಹಿಂದೆ ಕಸಬರಿಗೆ ಹಿಡಿಯಬಾರದು. ಬೇರೆ ಮನೆಗಳಲ್ಲಿ ಗಾಡಿ ಓಣಿ ದಾಟಿದರೆ ಮುಗಿಯಿತು, ಹೆಚ್ಚೆಂದರೆ ಒಂದು ತಾಸು ತಡೆಯುತ್ತಾರೆ. ನಮ್ಮ ಅವ್ವನದು ಎಲ್ಲದರಲ್ಲೂ ಒಂದು ಕೈ ಹೆಚ್ಚು. ಹೋದವರು ಫೋನ್ ಮಾಡಿ ‘ಮುಟ್ಟೀನಿ’ ಅನ್ನಬೇಕು. ಆ ಮಾತು ಕಿವಿಗೆ ಬೀಳುವ ತನಕ ಮನೆಯಲ್ಲಿ ಏನೇ ಚೆಲ್ಲಲಿ, ಏನೇ ಹಾರಾಡಲಿ, ಕಸಬರಿಗೆ ಬಾಗಿಲ ಹಿಂದಿನಿಂದ ಹೊರಗೆ ಬರುವಂತಿರಲಿಲ್ಲ.

ನಾನು ಅವ್ವನ ದೊಡ್ಡ ಮಗಳು. ಮದುವೆಯಾಗಲಿಲ್ಲ, ಅದರ ದುಃಖವೂ ಇಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತೇನೆ. ಸಪ್ತಾಪುರದ ಮನೆಯಲ್ಲಿ ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ ಮತ್ತು ನಾನು. ಅಣ್ಣನಿಗೆ ತಾರಿಹಾಳದಲ್ಲಿ ಸಣ್ಣದೊಂದು ವರ್ಕ್‌ಶಾಪು ಇದೆ. ತಂಗಿಯನ್ನು ಹೈದರಾಬಾದಿಗೆ ಕೊಟ್ಟಿದ್ದೇವೆ. ಅವ್ವನ ಬಾಯಲ್ಲಿ ನಾನು ದೊಡ್ಡಾಕಿ, ತಂಗಿ ಸಣ್ಣಾಕಿ. ನಮ್ಮ ಹೆಸರು ಹಿಡಿದು ಆಕೆ ಕರೆದದ್ದು ಬಹುಶಃ ತೊಟ್ಟಿಲಲ್ಲಿ ಹಾಕಿದ ದಿನ ಮಾತ್ರ.

ಮೊದಲೆಲ್ಲ ತಂಗಿಯ ಮನೆಗೆ ಬಸ್ಸಿನಲ್ಲೇ ಹೋಗುತ್ತಿದ್ದೆ. ಸಂಜೆ ಹುಬ್ಬಳ್ಳಿ ಬಿಟ್ಟು, ಅಣ್ಣಿಗೇರಿ, ಗದಗ, ಕೊಪ್ಪಳ, ಸಿಂಧನೂರು, ರಾಯಚೂರು ಎಂದು ದಾಟುತ್ತ, ಬೆಳಗಾದ ಮೇಲೆ ಎಲ್ಲೋ ಮುಟ್ಟುವುದು. ಈ ಊರುಗಳ ಹೆಸರು ಅವ್ವನಿಗೆ ಬಾಯಿಪಾಠ. ವಿಮಾನ ಶುರುವಾದ ಮೇಲೆ ನಾನು ಬಸ್ಸು ಬಿಟ್ಟೆ. ಮೊದಲ ಸಲ ಟಿಕೆಟು ತೆಗೆಸಿದ ದಿನ ಅವ್ವ ಕೇಳಿದಳು: “ಎಷ್ಟ ದೂರ ಆಕ್ಕೈತದು?”

ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರವನ್ನೂ ಹಿಡಿಯುವ ವೇಳೆಯನ್ನೂ ಫೋನಿನಲ್ಲಿ ಹುಡುಕಿ, ಪಾಠ ಹೇಳುವ ದನಿಯಲ್ಲೇ ಓದಿದೆ. “ಬಸ್ಸಿನ ದಾರಿಗಿಂತ ಎಷ್ಟೋ ಕಡಿಮಿ ನೋಡವ್ವಾ. ತಾಸಿನ ಮ್ಯಾಲ ಒಂದೀಟು, ಅಷ್ಟ.”

“ಆ ಊರೂ ಅಲ್ಲೇ ಐತಿ, ಈ ಊರೂ ಇಲ್ಲೇ ಐತಿ. ದೂರ ಹೆಂಗ ಕಡಿಮಿ ಆತು?”

“ಮ್ಯಾಲ ನೆಟ್ಟಗ ಹೊಕ್ಕೈತಿ.”

“ಮೈ ನೆಟ್ಟಗ ಹೊಕ್ಕೈತಿ. ಜೀವಕ್ಕ ಅಷ್ಟ ಲಗೂ ಹೋಗಾಕ ಬರಂಗಿಲ್ಲ ದೊಡ್ಡಾಕಿ. ಅದು ರಸ್ತಾ ಹಿಡಕೊಂಡ, ಊರ ನೋಡಕೋತ ಬರತೈತಿ.”

ನಾನು ನಕ್ಕೆ. ನನ್ನ ವಿಷಯದಲ್ಲೇ ನನಗೆ ಪಾಠ ಹೇಳಲು ಬಂದವರನ್ನು ಕಂಡರೆ ನನಗೆ ನಗು ಬರುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ. ಅಂದಿನಿಂದ ಅವ್ವ ಎರಡು ಫೋನು ಕೇಳತೊಡಗಿದಳು. ವಿಮಾನ ಇಳಿದ ಕೂಡಲೇ ಒಂದು, ಬಸ್ಸಾಗಿದ್ದರೆ ಮುಟ್ಟುತ್ತಿದ್ದ ಹೊತ್ತಿಗೆ ಇನ್ನೊಂದು. ಮೊದಲನೆಯದು ಮೈಯದಂತೆ, ಎರಡನೆಯದು ಖರೇದಂತೆ. ಎರಡನೆಯದು ಬಂದ ಮೇಲೇ ಕಸ. ನಾನು ಹೈದರಾಬಾದಿನಲ್ಲಿ ತಂಗಿಯ ಸೋಫಾದ ಮೇಲೆ ಕೂತಿರುವಾಗ ಅವ್ವ ಧಾರವಾಡದಲ್ಲಿ ವೈನಿಗೆ, “ಸಾವಕಾಶ ಮಾತಾಡ, ದೊಡ್ಡಾಕಿ ಇನ್ನೂ ಇಲ್ಲೇ ಅದಾಳ. ಬಚ್ಚಲದಾಗ ಬಳಿ ಸಪ್ಪಳ ಆಗಾಕತ್ತೈತಿ” ಎನ್ನುತ್ತಿದ್ದಳಂತೆ. ವೈನಿ ಇದನ್ನು ನನಗೆ ನಗುತ್ತಲೇ ಹೇಳುತ್ತಿದ್ದರು. ಆದರೆ ಆ ಹೊತ್ತಿನಲ್ಲಿ ಅವರೂ ಬಚ್ಚಲ ಕಡೆ ಹೋಗುತ್ತಿರಲಿಲ್ಲ.

ಹೋದ ಹಿಂಗಾರಿನ ಹೊತ್ತಿಗೆ ಅವ್ವನ ಎದೆನೋವು ಹೆಚ್ಚಾಯಿತು. ಆಪರೇಷನ್ ಆಗಲೇಬೇಕು ಎಂದರು. ತಂಗಿಯ ಗಂಡನಿಗೆ ಹೈದರಾಬಾದಿನಲ್ಲಿ ಒಬ್ಬ ಡಾಕ್ಟರರ ಪರಿಚಯವಿತ್ತು. ಬಸ್ಸಿನಲ್ಲಿ ಇಡೀ ರಾತ್ರಿ ಕೂರುವುದು ಅವ್ವನಿಂದ ಆಗದ ಮಾತು. ಹೀಗಾಗಿ ಆಕೆ ಮೊದಲ ಸಲ ವಿಮಾನ ಹತ್ತಬೇಕಾಯಿತು. ನಾನು ಜೊತೆಗೆ. ಅಣ್ಣ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ತನಕ ಕಾರಿನಲ್ಲಿ ಬಿಡಲು ಬಂದ. ಹೊರಡುವಾಗ ಅವ್ವ ವೈನಿಯ ಕೈ ಹಿಡಿದು, “ನೆಪ್ಪ ಇಟಗೋ ಯವ್ವಾ, ಎರಡನೇ ಫೋನಿನ ತನಕಾ ಕಸಾ ಹೊಡೀಬ್ಯಾಡ. ನಾ ಭಾಳ ಸಾವಕಾಶ ಹೋಗಾಕಿ” ಎಂದಳು. ಆಪರೇಷನ್ನಿನ ಮಾತು ಒಂದೂ ಆಡಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಸಿಟ್ಟೂ ಬಂತು.

ಆಪರೇಷನ್ ಛಲೋ ಆಯಿತು ಎಂದರು ಡಾಕ್ಟರು. ಅವರು ಹೇಳಿದ್ದು ಸುಳ್ಳಲ್ಲ. ಅವ್ವ ಎದ್ದು ಕೂತಳು, ಗಂಜಿ ಕುಡಿದಳು, ಗಾಯ ಒಣಗಿತು. ಆದರೆ ಆಕೆ ಅಲ್ಲಿ ಇರಲಿಲ್ಲ. ನಾನು ಮುಂದೆ ನಿಂತರೆ ಆಕೆಯ ಕಣ್ಣು ನನ್ನನ್ನು ದಾಟಿ ಹಿಂದಿನ ಗೋಡೆಯ ಮೇಲೆ ನಿಲ್ಲುತ್ತಿತ್ತು. ತಂಗಿ ಕಾಲು ಒತ್ತುತ್ತ ಅತ್ತರೂ ಅಷ್ಟೇ, ಅಳಿಯ ಮಾತಾಡಿಸಿದರೂ ಅಷ್ಟೇ. ದೊಡ್ಡ ಆಪರೇಷನ್ ಆದ ವಯಸ್ಸಾದವರಿಗೆ ಹೀಗಾಗುವುದುಂಟು, ಕೆಲವರು ತಿಳಿಯಾಗುತ್ತಾರೆ, ಕೆಲವರು ಆಗುವುದಿಲ್ಲ, ಕಾಯಬೇಕು ಎಂದು ಡಾಕ್ಟರು ಹೇಳಿದರು. ನನಗೆ ಬೇರೇನೂ ಬೇಕಿರಲಿಲ್ಲ. ಅವ್ವ ಒಮ್ಮೆ ನನ್ನ ಮುಖ ನೋಡಿ ‘ದೊಡ್ಡಾಕಿ’ ಅಂದರೆ ಸಾಕಿತ್ತು.

ಆಕೆ ಮೊದಲ ಮಾತು ಆಡಿದ್ದು ಒಂದು ಮಧ್ಯಾಹ್ನ, ನಾನು ಕಿತ್ತಳೆ ಸುಲಿಯುತ್ತಿದ್ದಾಗ.

“ಹೊರಗ ಹಾಕಿದ್ರು ನನ್ನ.”

“ಯಾರವ್ವಾ? ಯಾರ ಹಾಕಿದ್ರು?”

“ಕಸದ ಕೂಡ ಹೊರಗ ಹಾಕಿದ್ರು. ಕಾಲಾಗ ಚಪ್ಪಲ್ಲೂ ಇಲ್ಲ.”

ದನಿ ಅವ್ವನದೇ. ಆದರೆ ಹಳೆಯ ಫೋನಿನಲ್ಲಿ ದೂರದ ಊರಿನಿಂದ ಮಾತಾಡಿದ ಹಾಗೆ ಸಣ್ಣಗೆ ಕೇಳಿತು. ಆಮೇಲೆ ದಿನಕ್ಕೊಂದು ಮಾತು ಆಡತೊಡಗಿದಳು, ಅದೂ ನಮ್ಮೊಡನೆ ಅಲ್ಲ. “ಉಣಕಲ್ ಕೆರಿ ದಂಡಿಗೆ ಕುಂತೇನಿ.” ಮರುದಿನ, “ಬಿಸಲ ಭಾಳ ಐತಿ.” ಅದರ ಮರುದಿನವೋ ಇನ್ನೊಂದು ದಿನವೋ, “ಅಣ್ಣಿಗೇರಿ ಬಂತು.” ತಂಗಿ ಇದನ್ನು ಬಡಬಡಿಕೆ ಅಂದುಕೊಂಡಳು. ನಾನು ಭೂಗೋಳದವಳು, ನನಗೆ ಊರುಗಳ ಅನುಕ್ರಮ ತಿಳಿಯದೆ ಇರುತ್ತದೆಯೇ? ಬರಿಗಾಲಿನ ಮುದುಕಿಯೊಬ್ಬಳು ಧಾರವಾಡದಿಂದ ಹೈದರಾಬಾದಿನ ರಸ್ತೆ ಹಿಡಿದು ನಡೆದರೆ ಯಾವ ಊರಿನ ಮುಂದೆ ಯಾವ ಊರು ಬರಬೇಕೋ ಅದೇ ಬರುತ್ತಿತ್ತು.

ಹೊರಗೆ ಬಂದು ವೈನಿಗೆ ಫೋನ್ ಮಾಡಿದೆ. ಎರಡನೆಯ ‘ಮುಟ್ಟೀನಿ’ಯನ್ನು ಅವ್ವನ ಪರವಾಗಿ ನಾನೇ ಹೇಳಿದ್ದೆ, ಆಗ ವೈನಿ, “ಆತು, ಈಗ ಹೊಡೀತೇನಿ” ಎಂದಿದ್ದರು.

“ವೈನಿ, ಖರೇ ಹೇಳ್ರಿ. ಆವತ್ತ ಕಸಾ ಯಾವಾಗ ಹೊಡದ್ರಿ?”

ಆ ಕಡೆ ವೈನಿ ಅಳತೊಡಗಿದರು. “ನಿಮ್ಮ ಗಾಡಿ ಓಣಿ ತಿರಗಿತ್ತು, ಅಷ್ಟ. ಜ್ವಾಳದ ಹಿಟ್ಟಿನ ಡಬ್ಬಿ ಕೈ ಜಾರಿ ಪಡಸಾಲಿ ತುಂಬ ಚೆಲ್ಲಿತು. ಇರಲಿ ಬಿಡು, ಆಮ್ಯಾಲ ಹೊಡದ್ರಾತು ಅಂತ ಅಡಿಗಿಮನಿಗೆ ಹೋದ್ನಿ. ತಿರಗಿ ಬಂದ ನೋಡ್ತೇನಿ, ಹಿಟ್ಟಿನ ಮ್ಯಾಲ ಹೆಜ್ಜಿ ಇದ್ವು. ಹೊರಬಾಗಲದಿಂದ ಒಳಗ ಬಂದಂಗ.”

“ನಿಮ್ಮವ ಇರಬೇಕ್ರಿ.”

“ಬರಿಗಾಲಿನವು. ನಾ ಮನ್ಯಾಗೂ ಚಪ್ಪಲ್ ಬಿಡಂಗಿಲ್ಲ, ಹಿಮ್ಮಡ ಬ್ಯಾನಿ ಐತಲ್ಲ ನಂದು. ಮನ್ಯಾಗ ಯಾರೂ ಇರಲಿಲ್ಲ. ನನಗ ಜೀವ ಹೋದಂಗಾತು. ಲಗೂ ಲಗೂ ಹೊಡದು, ಹೊರಗ ಚೆಲ್ಲಿ ಬಂದ್ನಿ. ನಿನ್ನ ಕಾಲ ಬೀಳ್ತೇನಿ, ನಿಮ್ಮಣ್ಣಗ ಹೇಳಬ್ಯಾಡ.”

ನಾನು ವೈನಿಗೆ ಸಮಾಧಾನ ಹೇಳಿದೆ. ಬೆಕ್ಕು ಬಂದಿರಬೇಕು, ಗಾಳಿ ಬೀಸಿರಬೇಕು, ಹಿಟ್ಟಿನಲ್ಲಿ ಏನು ಬೇಕಾದರೂ ಕಂಡೀತು ಎಂದೆ. ಹೇಳುತ್ತಿರುವಾಗ ನನ್ನ ದನಿಯೇ ನನಗೆ ಪೊಳ್ಳಾಗಿ ಕೇಳಿಸಿತು.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೆಲವು ದಿನ ತಂಗಿಯ ಮನೆಯಲ್ಲಿದ್ದೆವು. ಅವ್ವ ಬಾಲ್ಕನಿಯಲ್ಲಿ ಕೂತು ತನ್ನ ದಾರಿ ನಡೆಯುತ್ತಿದ್ದಳು. ಹೊರಡುವ ಹಿಂದಿನ ಸಂಜೆ, “ಗದಗಿನ ಗಾಳಿ ಪಂಖಾ ಕಾಣಾಕತ್ತಾವ” ಎಂದಳು. ಹೈದರಾಬಾದು ಇನ್ನೂ ಎಷ್ಟೋ ದೂರವಿತ್ತು. ಬಸ್ಸಿನಲ್ಲಿ ಕರೆದುಕೊಂಡು ಹೋದರೆ ದಾರಿಯಲ್ಲಿ ಎಲ್ಲಾದರೂ ಸಿಕ್ಕಾಳೇ ಎಂದು ನನಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎದೆ ಹೊಲಿದ ಹೆಂಗಸನ್ನು ಇಡೀ ರಾತ್ರಿ ಬಸ್ಸಿನಲ್ಲಿ ಕುಲುಕಿಸಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ವಿಮಾನಕ್ಕೇ ಹೊರಟೆವು.

ಫ್ಲಾಟಿನ ಬಾಗಿಲು ದಾಟುವಾಗ ತಂಗಿಯ ಕೆಲಸದಾಕೆ ಕಸಬರಿಗೆ ಹಿಡಿದು ಒಳಗೆ ಬಂದಳು. ಆಕೆಗೆ ಇನ್ನೂ ಬೇರೆ ಮನೆಗಳ ಕೆಲಸವಿತ್ತು, ಕಾಯಿರಿ ಎಂದರೆ ಕೇಳುವವಳಲ್ಲ. ಲಿಫ್ಟಿನ ಬಾಗಿಲು ಮುಚ್ಚುವಾಗ ಒಳಗಿನಿಂದ ಸರಸರ ಸಪ್ಪಳ ಕೇಳಿತು. ನಾನು ಕಿವಿಗೊಡಲಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಕಿವಿಗೊಟ್ಟಿದ್ದೆ.

ಅದು ರೆಕ್ಕೆಗೆ ಪಂಖಾ ಇರುವ ಸಣ್ಣ ವಿಮಾನ. ಅವ್ವನನ್ನು ಕಿಟಕಿಯ ಪಕ್ಕ ಕೂರಿಸಿದೆ. ರಾಯಚೂರಿನ ಸೀಮೆ ದಾಟಿದ ಮೇಲೆ ಮೋಡ ತೆರೆದುಕೊಂಡಿತು. ದೂರದಲ್ಲಿ ತುಂಗಭದ್ರೆಯ ಹಿನ್ನೀರು ಹೊಳೆಯಿತು. ಆಮೇಲೆ ಬರೀ ಎರೆಭೂಮಿ, ನಡುನಡುವೆ ಬೆಳ್ಳಗಾದ ಜೋಳದ ಹೊಲಗಳು. ವಿಮಾನ ಇಳಿಯತೊಡಗಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಂಡವು, ಅವುಗಳ ಕೆಳಗೆ ರಸ್ತೆ. ಅಷ್ಟು ದಿನ ಯಾವುದನ್ನೂ ನೋಡದ ಅವ್ವ ಹಣೆಯನ್ನು ಗಾಜಿಗೆ ಒತ್ತಿ ಕೆಳಗೆ ನೋಡಿದಳು. ಆಮೇಲೆ ನನ್ನ ಮೊಣಕೈ ಹಿಡಿದಳು.

“ಅಕಾ ಅಲ್ಲಿ.”

“ಏನವ್ವಾ?”

“ಅಕಾ, ಅಲ್ಲಿ ಹೊಂಟೇನಿ ನೋಡು. ಒಬ್ಬಾಕೀನ ಹೊಂಟೇನಿ.”

ನಾನು ಬಗ್ಗಿ ನೋಡಿದೆ. ಅಷ್ಟು ಎತ್ತರದಿಂದ ಲಾರಿಗಳೇ ಕಾಳಿನಷ್ಟು ಕಾಣುತ್ತಿದ್ದವು, ಮನುಷ್ಯರು ಎಲ್ಲಿ ಕಾಣಬೇಕು? ಅವ್ವ ಅಂಗೈಯಿಂದ ಗಾಜು ಬಡಿದಳು. “ತಿರಗ, ತಿರಗ” ಎಂದು ಕೂಗಿದಳು. ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ನಾನು ನೋಡನೋಡುತ್ತಿದ್ದಂತೆ ರಸ್ತೆಯೂ ಗಾಳಿಯಂತ್ರಗಳೂ ಹಿಂದೆ ಸರಿದವು. ಅದೇ ದಾರಿಗೆ ಬಸ್ಸಾದರೆ ಎಷ್ಟೋ ಹೊತ್ತು ಬೇಕು, ನಾವು ಮಾತ್ರ ಎರಡು ಮಾತು ಮುಗಿಯುವುದರೊಳಗೆ ದಾಟಿ ಬಂದಿದ್ದೆವು. ಅವ್ವ ನನ್ನ ಮೊಣಕೈ ಬಿಟ್ಟು ಮತ್ತೆ ಮೊದಲಿನಂತಾದಳು. ಹುಬ್ಬಳ್ಳಿಯಲ್ಲಿ ಇಳಿದಾಗ ನನಗೆ ಅಳು ಬಂತು, ಅಲ್ಲೇ ಸಾಮಾನಿನ ಬೆಲ್ಟಿನ ಮುಂದೆ ನಿಂತು ಅತ್ತೆ.

ಅಲ್ಲಿನ ಬಚ್ಚಲಲ್ಲಿ ಮುಖ ತೊಳೆಯಲು ಹೋದೆ. ಕೈಯೊಡ್ಡಿದರೆ ತಾನೇ ನೀರು ಬರುವ ನಳ ಅದು. ಒಡ್ಡಿದೆ, ಬರಲಿಲ್ಲ. ಪಕ್ಕದ್ದೂ ಬರಲಿಲ್ಲ. ಯಾರೋ ಹೆಣ್ಣುಮಗಳು ಬಂದು ಕೈಯೊಡ್ಡಿದ ಕೂಡಲೇ ಧಾರಾಳ ಸುರಿಯಿತು. ಮನೆಯಲ್ಲಿ ವೈನಿ ಚಹಾ ತಂದರು. ಅಣ್ಣನಿಗೆ, ಅವ್ವನಿಗೆ, ತಮಗೆ. “ನನಗ್ರಿ?” ಅಂದೆ. “ಅಯ್ಯ, ನೆಪ್ಪ ಹಾರಿತ್ತು” ಎಂದು ಒಳಗೆ ಓಡಿದರು. ಮರುದಿನ ಶಾಲೆಗೆ ಹೋದೆ. ನಾನು ಕ್ಲಾಸಿಗೆ ಕಾಲಿಟ್ಟರೂ ಹುಡುಗರು ಏಳಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಟೇಬಲ್ ಕುಟ್ಟಿದ ಮೇಲೆ ಗಾಬರಿಯಾಗಿ ಎದ್ದರು. ರಜೆಯ ಸೊಕ್ಕು ಎಂದು ಬೈದೆ. ನಾನು ಅಷ್ಟು ದಿನ ಇಲ್ಲದ್ದಕ್ಕೆ ಹೀಗೆ ಎಂದು ನನಗೇ ಹೇಳಿಕೊಂಡೆ.

ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಕಾಯುತ್ತಿದ್ದೆವು. ನಾವು ಬಂದಂದಿನಿಂದ ವೈನಿ ಕಸಬರಿಗೆ ಮುಟ್ಟಿರಲಿಲ್ಲ. ತಾರಿಹಾಳದಿಂದ ಬಂದ ಅಣ್ಣ ಎಣ್ಣೆ ಕೈಯಲ್ಲೇ ಅವ್ವನ ಮುಂದೆ ಕೂತು, “ಅವ್ವಾ, ನಾ ಬಂದೇನಿ ನೋಡ” ಎನ್ನುತ್ತಿದ್ದ. ಅವ್ವ ಗೋಡೆ ನೋಡುತ್ತಿದ್ದಳು. ಆಕೆ ಮತ್ತೆ ಯಾವ ಊರಿನ ಹೆಸರೂ ಹೇಳಲಿಲ್ಲ. ರಸ್ತೆಯ ಮೇಲೆ ತಿರುಗಿದಳೋ, ಮುಂದೆ ಹೋದಳೋ ತಿಳಿಯುವ ದಾರಿಯೇ ಇರಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಇದ್ದೆವು. ಗೇಟಿನ ಚಿಲಕ ಸಪ್ಪಳವಾಯಿತು. ಅಣ್ಣ ಎದ್ದು ನೋಡಿ ಬಂದ. ಯಾರೂ ಇಲ್ಲ, ಗೇಟು ಮಾತ್ರ ತೆರೆದಿತ್ತು. ಅವನು ಬಂದು ಕೂರುವುದರೊಳಗೆ ಅವ್ವ ಉದ್ದಕ್ಕೆ ಉಸಿರು ಬಿಟ್ಟಳು. ಕಾಲು ಚಾಚಿದಳು. ವೈನಿಯ ಕಡೆ ತಿರುಗಿ, “ಯವ್ವಾ, ಒಂದಿಷ್ಟ ಬಿಸಿನೀರ ಕಾಸ. ಕಾಲ ಭಾಳ ನೋಯಾಕತ್ತಾವ” ಎಂದಳು.

ವೈನಿ ಬಾಯಿಗೆ ಸೆರಗು ಒತ್ತಿಕೊಂಡರು. ಅವ್ವ ಅಣ್ಣನನ್ನು ನೋಡಿ, “ಯಾಕ ಸೊರಗೀದಿ? ಹೊತ್ತಿಗೆ ಸರಿಯಾಗಿ ಉಣ್ಣಂಗಿಲ್ಲೇನು?” ಎಂದಳು. ಅಣ್ಣ ಸಣ್ಣ ಮಗುವಿನ ಹಾಗೆ ಆಕೆಯ ತೊಡೆಗೆ ಮುಖ ಒತ್ತಿ ಅತ್ತ. ತಂಗಿಗೆ ಫೋನ್ ಹಚ್ಚಿ ಕೊಟ್ಟೆವು. “ಸಣ್ಣಾಕಿ, ಆರಾಮ ಇದ್ದೀಯಿಲ್ಲೊ?” ಎಂದಳು. ಅದೇ ದನಿ, ಅದೇ ಗತ್ತು. ನನ್ನ ಎದೆ ಹಿಡಿಸಲಾರದಷ್ಟು ಸಂತೋಷವಾಯಿತು. ನನ್ನ ಸರದಿಗಾಗಿ ಕಾದು ಕೂತಿದ್ದೆ. ಅವ್ವ ಫೋನ್ ಇಟ್ಟು ನನ್ನ ಕಡೆ ನೋಡಿದಳು. ಈ ಸಲ ಆಕೆಯ ಕಣ್ಣು ನೇರ ನನ್ನ ಮುಖದ ಮೇಲೇ ನಿಂತವು. ಸೆರಗು ಸರಿಮಾಡಿಕೊಂಡಳು.

“ಯಾಕ ದೂರ ಕುಂತೀರಿ? ಹಿಂಗ ಬರ್ರಿ ಬಾಯಾರ,” ಎಂದಳು. “ಚಾ ಕುಡದ ಹೋಗ್ರಿ.”

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಬಾಯಾರ ಎನ್ನುತ್ತಾರೆ. ಅರ್ಧ ಊರು ನನ್ನನ್ನು ಹಾಗೇ ಕರೆಯುತ್ತದೆ. ಹೆತ್ತ ಅವ್ವ ನನಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ಅಣ್ಣ, “ಅವ್ವಾ, ದೊಡ್ಡಾಕಿ ಅಲ್ಲೇನ ಇಕಿ?” ಎಂದ. ಅವ್ವ ಅವನನ್ನು ಮರುಳನನ್ನು ನೋಡಿದಂತೆ ನೋಡಿದಳು.

“ದೊಡ್ಡಾಕಿ ಎಲ್ಲಿ ಬಂದಾಳ? ನನಗ ದಾರ್‍ಯಾಗ ಯಾರೋ ಮ್ಯಾಲಿಂದ ತಿರಗ ತಿರಗ ಅಂತ ಒದರಿದ್ರು. ನಾ ತಿರಗಿ ಬಂದ್ನಿ. ಆಕಿ ಇನ್ನೂ ರಾಯಚೂರ ಆಚೀಕ ಅದಾಳ. ಕಾಲಾಗ ಚಪ್ಪಲ್ಲಿಲ್ಲ ಕೂಸಿಗೆ.”

ಆಗ ನನಗೆ ಆ ಫ್ಲಾಟಿನ ಸರಸರ ಸಪ್ಪಳ ನೆನಪಾಯಿತು. ಅವ್ವನ ಜೀವ ಹೈದರಾಬಾದಿಗೆ ಮುಟ್ಟಿರಲೇ ಇಲ್ಲ. ಆ ಮನೆಯಲ್ಲಿ ಗುಡಿಸಿ ಹೊರಗೆ ಹಾಕಲು ಇದ್ದವಳು ನಾನೊಬ್ಬಳೇ.

ಇದು ಹುಚ್ಚು ಎಂದು ನನಗೆ ಗೊತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲರನ್ನೂ ಗುರುತಿಸಿ ಒಬ್ಬರನ್ನು ಮಾತ್ರ ಬಿಡುವುದೂ ಉಂಟು, ಹೆಚ್ಚಾಗಿ ಹತ್ತಿರ ಇದ್ದು ನೋಡಿಕೊಂಡವರನ್ನೇ ಬಿಡುತ್ತಾರೆ ಎಂದರು. ನಾನು ಅದನ್ನೇ ನಂಬಿದ್ದೇನೆ, ಹಗಲಿನಲ್ಲಿ.

ಅಂದು ಸಂಜೆ ವೈನಿ ಖುಷಿಯಿಂದ ಕಸಬರಿಗೆ ತೆಗೆದರು. ಅವ್ವ ತಡೆದಳು: “ದೊಡ್ಡಾಕಿ ಇನ್ನೂ ಮುಟ್ಟಿಲ್ಲ.” ಮರುದಿನವೂ ಅದೇ ಮಾತು. ಪಡಸಾಲೆಯ ತುಂಬ ಧೂಳು, ಜೋಳದ ಹೊಟ್ಟು, ಕೂದಲು. ಸುಣ್ಣದ ಗೋಡೆಯ ಪುಡಿ ಕಾಲಿಗೆ ಹತ್ತುತ್ತಿತ್ತು. ಅವ್ವ ಹಗಲೆಲ್ಲ ಗೇಟಿನ ಕಡೆ ಕಿವಿ ಇಟ್ಟು, ನಡುನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೂರುತ್ತಿದ್ದಳು. ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. “ನಿಮಗೂ ತಾಯಿ ಅದಾರೇನ್ರಿ ಬಾಯಾರ?” ಎಂದು ಒಮ್ಮೆ ನನ್ನನ್ನು ಕೇಳಿದಳು. ಅದಾರ್ರಿ ಎಂದೆ. ಹೊಲಿದ ಎದೆ, ಹೀಗೆ ಅತ್ತು ಉಪವಾಸ ಬಿದ್ದರೆ ಎಷ್ಟು ದಿನ ತಡೆದೀತು?

ಕೊನೆಗೊಂದು ದಿನ ಶಾಲೆಯಿಂದ ಬಂದವಳು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಅವ್ವನ ಫೋನಿಗೆ ರಿಂಗ್ ಮಾಡಿದೆ. ಒಳಗೆ ರಿಂಗಾಗುವುದು ನನಗೇ ಕೇಳುತ್ತಿತ್ತು.

“ಅವ್ವಾ,” ಅಂದೆ. “ನಾ ದೊಡ್ಡಾಕಿ. ಮುಟ್ಟೀನಿ.”

“ಮುಟ್ಟಿದೇನು? ಮುಟ್ಟಿದೇನ ನನ್ನವ್ವಾ?” ಆಕೆಯ ದನಿ ಕಿವಿಯಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಬಂತು. “ಎಷ್ಟ ತಡಾ ಮಾಡಿದಿ! ಉಂಡೇನು? ಕಾಲ ತೊಳಕೊಂಡೇನು?”

“ಹೂಂ ಅವ್ವಾ.”

“ಛಲೋ ಆತು. ಇನ್ನ ಎಲ್ಲೂ ಹೋಗಬ್ಯಾಡ. ಅಲ್ಲೇ ಇರು, ಆರಾಮ ಇರು.”

ಕಣ್ಣೊರೆಸಿಕೊಂಡು ಒಳಗೆ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತೆ. ಅವ್ವನ ಮುಖ ಅರಳಿತ್ತು. ವೈನಿಗೆ ಅನ್ನ ಹಾಕಲು ಹೇಳಿದಳು, ಕಸ ಹೊಡೆಯಲು ಹೇಳಿದಳು. ವೈನಿ ನನ್ನ ಮುಖ ನೋಡದೆ, ತಲೆ ಬಗ್ಗಿಸಿ, ದೇವರ ಮನೆಯ ಕಡೆಯಿಂದ ಕಸ ಹೊಡೆಯುತ್ತ ಬಂದರು. ನನ್ನ ಹತ್ತಿರ ಬಂದಾಗ ಕೈ ನಿಂತಿತು.

“ಬಾಯಾರ, ಕಾಲ ಒಂದೀಟ ಎತ್ತರಿ,” ಎಂದಳು ಅವ್ವ, ನಗುತ್ತ. “ನನ್ನ ಮಗಳು ಮುಟ್ಟಿದ್ಲು.”

ನಾನು ಎರಡೂ ಕಾಲು ಮೇಲಕ್ಕೆತ್ತಿದೆ. ವೈನಿ ಕುರ್ಚಿಯ ಕೆಳಗೆ ಕಸ ಹೊಡೆದು ಬಾಗಿಲ ಕಡೆ ಹೋದರು.